ಉಕ್ಕಿನ ಬಿಲ್ಲೆ

ಭಾನುವಾರ ಹತ್ತು ಗಂಟೆಯಾದರೂ ಶೆಡ್ಡಿನಿಂದ ಲೇತಿನ ಸದ್ದು ಬರಲಿಲ್ಲ. ಚೂಡಾಮಣಿ ಅಡಿಗೆಮನೆಯಲ್ಲಿ ನಿಂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಕೈ ಕೆಲಸ ಮಾಡುತ್ತಿತ್ತು, ಕಿವಿ ಮಾತ್ರ ಗೋಡೆಯಾಚೆ ಇತ್ತು. ಅನಂತರಾಮು ತಿಂಡಿ ತಿಂದು, ಹಳೆಯ ಪ್ಯಾಂಟು ಹಾಕಿಕೊಂಡು, ಶೆಡ್ಡಿನ ಅಗುಳಿ ತೆಗೆದದ್ದು ಅವಳಿಗೆ ಕೇಳಿಸಿತ್ತು. ಸ್ವಿಚ್ಚು ಹಾಕಿದ್ದೂ ಕೇಳಿಸಿತ್ತು. ಅದು ದೀಪದ ಸ್ವಿಚ್ಚು, ಮೋಟಾರಿನದಲ್ಲ. ಎರಡರ ಸದ್ದಿಗೂ ವ್ಯತ್ಯಾಸವಿದೆ, ಆ ವ್ಯತ್ಯಾಸ ತನಗೆ ಗೊತ್ತಿರಬಾರದಿತ್ತು ಎಂದು ಈಗ ಅನ್ನಿಸಿತು. ವೋಲ್ಟೇಜು ಕಮ್ಮಿಯಿದ್ದರೆ ಅವನು ಮೋಟಾರು ಹಾಕುವುದಿಲ್ಲ, ಆದರೆ ಅವಳ ತಲೆಯ ಮೇಲಿನ ಬಲ್ಬು ಚೆನ್ನಾಗಿಯೇ ಉರಿಯುತ್ತಿತ್ತು. ಹಾಗಾದರೆ ದೀಪ ಹಾಕಿಕೊಂಡು ಅಲ್ಲಿ ಏನು ನೋಡುತ್ತಿದ್ದಾನೆ? ಹುಡುಕುತ್ತಿದ್ದಾನೆಯೇ? ಹುಡುಕಲು ಇನ್ನೇನು ಉಳಿದಿದೆ, ಸಿಕ್ಕಬೇಕಾದ್ದು ಸಿಕ್ಕಿಯಾಗಿದೆಯಲ್ಲ. ಸಿಕ್ಕಿದೆ ಎಂಬುದೂ ಅವಳ ಊಹೆಯೇ. ಗುರುವಾರ ಸಂಜೆ ಆಫೀಸಿನಿಂದ ಬಂದವನು ಶೆಡ್ಡು ಗುಡಿಸಿ ಬಂದು, ಕೈ ತೊಳೆಯದೆ ಕಾಫಿ ಲೋಟ ತೆಗೆದುಕೊಂಡಿದ್ದ; ಷರಟಿನ ಜೇಬು ಯಾವುದೋ ಭಾರಕ್ಕೆ ಒಂದು ಕಡೆ ಜಗ್ಗಿತ್ತು. ಅವತ್ತಿನಿಂದ ಷರಟನ್ನು ಒಗೆಯಲು ಹಾಕುವ ಮೊದಲು ತಾನೇ ಜೇಬು ನೋಡಿಕೊಳ್ಳುತ್ತಿದ್ದಾನೆ. ಮದುವೆಯಾದಾಗಿನಿಂದ ಆ ಕೆಲಸ ಅವಳದು.

ಆ ಶೆಡ್ಡು ಕಟ್ಟಿಸಿದ್ದು ಕಾರಿಗೆಂದು. ಬನಶಂಕರಿ ಎರಡನೇ ಸ್ಟೇಜಿನಲ್ಲಿ ಮನೆ ಕಟ್ಟಿಸುವಾಗ ಕಾಂಟ್ರಾಕ್ಟರು ಹೇಳಿದನೆಂದು ಅದನ್ನೂ ಸೇರಿಸಿದ್ದರು. ಕಾರು ಬರಲಿಲ್ಲ, ಬರುವ ಹಾಗೂ ಇರಲಿಲ್ಲ; ಅನಂತರಾಮು ಆಡಿಟ್ ಕಚೇರಿಗೆ ಬಸ್ಸಿನಲ್ಲೇ ಹೋಗಿಬರುತ್ತಿದ್ದ. ಒಂದು ಶನಿವಾರ ಟೆಂಪೋದಲ್ಲಿ, ಗೋಣಿತಾಟು ಸುತ್ತಿಕೊಂಡು, ಲೋಹ ಕಡೆಯುವ ಈ ಹಳೆಯ ಲೇತು ಬಂತು. ಹೊಲಿಗೆ ಮಿಷನ್ನಿಗಿಂತ ಒಂದಿಷ್ಟು ಉದ್ದ, ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಯಾಕೆ ಎಂದು ಅವಳು ಕೇಳಲಿಲ್ಲ. ಇಂಜಿನಿಯರಿಂಗಿಗೆ ಸೀಟು ಸಿಕ್ಕದೆ ಬಿ.ಕಾಂ. ಮಾಡಿದವನೆಂಬುದು ಅವಳಿಗೆ ಗೊತ್ತಿತ್ತು, ಫಿಸಿಕ್ಸಿನಲ್ಲಿ ಬಿ.ಎಸ್ಸಿ. ಮಾಡಿದ ಹೆಂಡತಿಯ ಮುಂದೆ ಅವನು ಆ ಮಾತು ಎತ್ತುವುದಿಲ್ಲವೆಂಬುದೂ ಗೊತ್ತಿತ್ತು. ಒಂದು ಚದುರಂಗದ ಸೆಟ್ಟು ಮಾಡುತ್ತೇನೆ ಎಂದಿದ್ದ, ಒಂದು ಸೈನ್ಯ ಹಿತ್ತಾಳೆಯದು, ಇನ್ನೊಂದು ಉಕ್ಕಿನದು. ಹಿತ್ತಾಳೆಯವರು ಹೇಗೋ ತಯಾರಾಗಿ ಷೋಕೇಸಿನಲ್ಲಿ ನಿಂತರು. ಉಕ್ಕಿನವರು ಆಗಲಿಲ್ಲ. ಕಾಯಿಯ ಮೈ, ಕುತ್ತಿಗೆ, ತಲೆ ಎಲ್ಲ ಚೆನ್ನಾಗಿಯೇ ಬರುತ್ತಿತ್ತು. ಕಡೆಗೆ ಅದನ್ನು ಸಲಾಕೆಯಿಂದ ಬೇರ್ಪಡಿಸಬೇಕು, ಅದಕ್ಕೆ ಪಾರ್ಟಿಂಗ್ ಎನ್ನುತ್ತಾರೆ, ತೆಳ್ಳನೆಯ ಅಲಗನ್ನು ತಿರುಗುವ ಸಲಾಕೆಯೊಳಕ್ಕೆ ನೇರವಾಗಿ ಇಳಿಸಿಕೊಂಡು ಹೋಗಬೇಕು. ಅಲ್ಲಿ ಕೆಡುತ್ತಿತ್ತು. ಮೊದಲು ಗುಂಯ್ ಎನ್ನುವುದು, ಆಮೇಲೆ ಇಡೀ ಶೆಡ್ಡು ನಡುಗುವಂಥ ಕಿರುಚು, ಆಮೇಲೆ ಟಪ್ಪೆಂದು ಅಲಗು ಸಿಕ್ಕಿಕೊಂಡು ಮೋಟಾರು ನಿಲ್ಲುವುದು. ಆಮೇಲಿನ ಮೌನದಲ್ಲಿ ಅವನು ಬೈಯುತ್ತಿರಲಿಲ್ಲ. ಗರಗಸದಿಂದ ಕಾಯಿಯನ್ನು ಕೊಯ್ದು ತೆಗೆಯುವ ಕರಕರ ಸದ್ದು ಬರುತ್ತಿತ್ತು, ಅದು ಬೈಗುಳಕ್ಕಿಂತ ಹೆಚ್ಚು ನಾಚಿಕೆ ತರುವಂಥದು. ಊಟಕ್ಕೆ ಕೂತಾಗ, ಕೆಇಬಿಯವರು ವೋಲ್ಟೇಜು ಸರಿಯಾಗಿ ಕೊಡಲ್ಲ ಎನ್ನುತ್ತಿದ್ದ. ಅವಳು ಹೂಂ ಎನ್ನುತ್ತಿದ್ದಳು.

ಆ ಹೂಂ ಸುಳ್ಳೆಂದು ಯಾವಾಗ ಗೊತ್ತಾಯಿತೋ ಅವಳಿಗೆ ನೆನಪಿಲ್ಲ. ಒಗ್ಗರಣೆ ಸೌಟನ್ನು ಹಿಡಿಯ ತುದಿಯಲ್ಲಿ ಹಿಡಿದು ಉರಿಯ ಮೇಲೆ ಇಟ್ಟಾಗ ಎಣ್ಣೆ ತುಳುಕಿದ್ದು ನೋಡಿದಾಗ ಇರಬಹುದು. ಅಥವಾ ಕಾಫಿ ಕೊಡಲು ಹೋದಾಗ, ಅವನ ಅಲಗು ಹಿಡಿಕೆಯಿಂದ ಎಷ್ಟು ಉದ್ದ ಹೊರಗೆ ಚಾಚಿಕೊಂಡಿದೆ ಎಂದು ಕಂಡಾಗ. ದೊಡ್ಡ ಗರಗಸದ ಹಳೆಯ ಬ್ಲೇಡನ್ನು ಒಂದು ತಿಂಗಳು ಉಜ್ಜಿ ಆ ಅಲಗನ್ನು ತಾನೇ ಮಾಡಿದ್ದ. ಅದು ಒಳಗೆ ಮುಚ್ಚಿಹೋಗುವುದು ಅವನಿಗೆ ಇಷ್ಟವಿರಲಿಲ್ಲ, ಬಗ್ಗಿ ಅದರ ತುದಿ ನೋಡುತ್ತ ಕೆಲಸ ಮಾಡಬೇಕು. ಅಷ್ಟು ಉದ್ದ ಹೊರಗಿದ್ದರೆ ನಡುಗದೆ ಏನಾಗುತ್ತದೆ? ಜೊತೆಗೆ ಅವನ ಕೈ. ಅಡಿಗೆಮನೆಯಿಂದಲೇ ಅವಳಿಗೆ ಆ ಕೈ ಕೇಳಿಸುತ್ತಿತ್ತು: ಅಲಗು ಒಳಗಿಳಿಯುತ್ತದೆ, ಸಣ್ಣದೊಂದು ಗುಂಯ್ ಬಂದ ಕೂಡಲೇ ಕೈ ಹೆದರಿ ನಿಲ್ಲುತ್ತದೆ, ನಿಂತ ಅಲಗು ಲೋಹವನ್ನು ಕತ್ತರಿಸುವುದು ಬಿಟ್ಟು ಉಜ್ಜುತ್ತದೆ, ಉಜ್ಜಿದ ಸದ್ದಿಗೆ ಅವನು ಇನ್ನೂ ಹೆದರುತ್ತಾನೆ, ಹೆದರಿಕೆಯನ್ನು ಮುಚ್ಚಿಕೊಳ್ಳಲು ಒಮ್ಮೆಗೇ ಒತ್ತುತ್ತಾನೆ. ಅಷ್ಟೆ. ಹೇಳಿಬಿಡಬಹುದಿತ್ತು. ಹೇಗೆ ಹೇಳುವುದು? ಒಂದು ಸಲ, ಅದನ್ನ ಸ್ವಲ್ಪ ಒಳಗೆ ತಳ್ಳಿದ್ರೆ ಹೇಗೆ ರೀ, ಎಂದಿದ್ದಳು. ಅವನು ತಲೆಯೆತ್ತದೆ, ಕಾಫಿ ಅಲ್ಲಿಡು, ಸೆರಗು ಹುಷಾರು, ಎಂದಿದ್ದ. ದನಿಯಲ್ಲಿ ಕೋಪವಿರಲಿಲ್ಲ. ಮಗುವನ್ನು ಬಾವಿಯ ಹತ್ತಿರದಿಂದ ಆಚೆ ಕಳಿಸುವವರ ದನಿ ಅದು.

ಅವಳೇ ಲೇತು ಹಾಕಿದ್ದು ಒಂದು ಬುಧವಾರ, ಹನ್ನೊಂದರ ಹೊತ್ತು. ಹಾಕುತ್ತೇನೆಂದು ಹೋದವಳಲ್ಲ, ಒರೆಸುವ ಬಟ್ಟೆ ಒಗೆಯಲು ತರೋಣವೆಂದು ಹೋದವಳು. ಆದರೆ ಬಟ್ಟೆ ತರಲು ಹೋದವಳು ಬಳೆ ಯಾಕೆ ತೆಗೆದಿಟ್ಟಳು? ಕಿಟಕಿಯ ಕಟ್ಟೆಯ ಮೇಲೆ ಬಳೆ ಬಿಚ್ಚಿಟ್ಟು, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಬಾಗಿಲ ಅಗುಳಿಯನ್ನು ಒಳಗಿನಿಂದ ಹಾಕಿದ್ದಳು. ಅಲಗನ್ನು ಒಳಕ್ಕೆ ತಳ್ಳಿ ಗಿಡ್ಡ ಮಾಡಿದಳು. ಅದರ ಬಾಯಿ ಸಲಾಕೆಯ ನಡುಮಧ್ಯಕ್ಕಿಂತ ಒಂದು ಕೂದಲಷ್ಟು ಕೆಳಗಿದೆ ಎಂದು ಕಂಡು, ಪೌಡರ್ ಡಬ್ಬಿಯ ತಗಡಿನ ಪಟ್ಟಿ ಕತ್ತರಿಸಿ ಅಲಗಿನ ಕೆಳಗೆ ಕೊಟ್ಟಳು. ಬೆಲ್ಟನ್ನು ನಿಧಾನದ ಗಾಲಿಗೆ ಹಾಕಿದಳು. ಎಣ್ಣೆಯ ಡಬ್ಬಿ ಖಾಲಿಯಾಗಿತ್ತು, ಒಳಗಿನಿಂದ ಕೊಬ್ಬರಿ ಎಣ್ಣೆಯ ಬಾಟಲಿ ತಂದಳು. ಆಮೇಲೆ ಕೈಚಕ್ರ ತಿರುಗಿಸಿದಳು, ಗುಂಯ್ ಎಂದಾಗಲೂ ನಿಲ್ಲಿಸಲಿಲ್ಲ, ನಿಲ್ಲಿಸದೆ ಇದ್ದುದರಿಂದ ಗುಂಯ್ ತಾನೇ ನಿಂತಿತು. ಉಕ್ಕು ಸಣ್ಣ ಗಡಿಯಾರದ ಸ್ಪ್ರಿಂಗಿನ ಹಾಗೆ ಸುರುಳಿಸುರುಳಿಯಾಗಿ ಬಂತು. ಬಿಲ್ಲೆಯೊಂದು ತಟ್ಟೆಗೆ ಬಿತ್ತು. ತಲೆಗೆ ಹಚ್ಚುವ ಎಣ್ಣೆ ಕಾದ ವಾಸನೆ ಶೆಡ್ಡು ತುಂಬಿತ್ತು. ಅವಳಿಗೆ ಮೈ ಬೆವರಿತ್ತು, ಅದು ಎಂಥ ಸಂತೋಷವೆಂದರೆ ಯಾರಿಗೂ ಹೇಳುವಂಥದಲ್ಲ ಎಂದು ಆಗಲೇ ಗೊತ್ತಾಗಿಹೋಗಿತ್ತು.

ಹೇಳದಿದ್ದುದು ಅಷ್ಟು ದೊಡ್ಡ ತಪ್ಪಲ್ಲ. ಆಮೇಲೆ ಮಾಡಿದ್ದು ತಪ್ಪು. ಕೆಲಸ ಮುಗಿದ ಮೇಲೆ ಅವಳು ತಗಡಿನ ಪಟ್ಟಿಯನ್ನು ತೆಗೆದು ಮೀಟರ್ ಪೆಟ್ಟಿಗೆಯ ಹಿಂದೆ ಬಚ್ಚಿಟ್ಟಳು, ಬೆಲ್ಟನ್ನು ಮತ್ತೆ ವೇಗದ ಗಾಲಿಗೆ ಏರಿಸಿದಳು, ಅಲಗನ್ನು ಅವನು ಬಿಟ್ಟಿದ್ದಷ್ಟೇ ಉದ್ದಕ್ಕೆ ಹೊರಗೆಳೆದಳು. ಬೆಂಕಿಕಡ್ಡಿಯಿಂದ ಅಳತೆ ಮಾಡಿಟ್ಟುಕೊಂಡು ಎಳೆದಳು. ಅವನ ತಪ್ಪನ್ನು ಇದ್ದ ಜಾಗದಲ್ಲೇ ಜೋಪಾನವಾಗಿ ಇಟ್ಟುಬಂದಳು. ಆ ಭಾನುವಾರ ಲೇತು ಕಿರುಚಿದಾಗ ಈರುಳ್ಳಿ ಹೆಚ್ಚುತ್ತಿದ್ದ ಅವಳ ಮುಖದ ಮೇಲೆ ಏನು ಹಾದುಹೋಯಿತು? ಪಕ್ಕದಲ್ಲಿ ಕನ್ನಡಿಯಿರಲಿಲ್ಲ, ಇದ್ದಿದ್ದರೆ ನೋಡುತ್ತಿದ್ದಳೋ ಇಲ್ಲವೋ. ಅಂಥ ಬೆಳಗುಗಳು ಎಷ್ಟೋ ಆದವು. ಪ್ರತಿ ಸಲ ಬಿಲ್ಲೆಯನ್ನು ಚರಂಡಿಗೆ ಎಸೆದಿದ್ದಳು. ಹೋದ ವಾರದ್ದು ಮಾತ್ರ ತಟ್ಟೆಗೆ ಬೀಳದೆ ಎಲ್ಲೋ ಹಾರಿತು. ಮಂಡಿಯೂರಿ ಹುಡುಕಿದಳು, ಚೂರಿನ ರಾಶಿಯಲ್ಲಿ ಬೆರಳಾಡಿಸಿ ಬೆರಳು ಕುಯ್ದುಕೊಂಡಳು, ಸಿಗಲಿಲ್ಲ. ಆ ದಿನವೇ ಪಾತ್ರೆ ತೊಳೆಯುವ ಮಾರಮ್ಮ ಬೇರೆ ಹಿತ್ತಲ ಬಾಗಿಲು ಬಡಿದಳು.

ಕಿಟಕಿಯಾಚೆ ಮಾತು ಕೇಳಿಸಿತು. ಅವನು ಶೆಡ್ಡಿನಿಂದ ಹೊರಗೆ ಬಂದು ಗೇಟಿನ ಹತ್ತಿರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ವೆಂಕಟಾಚಲನನ್ನು ನಿಲ್ಲಿಸಿಕೊಂಡಿದ್ದ. ವೆಂಕಟಾಚಲ ಮೈಸೂರು ರಸ್ತೆಯ ಯಾವುದೋ ಕಾರ್ಖಾನೆಗೆ ಹೋಗುತ್ತಿದ್ದ. ಹೆಂಡತಿ ಪಂಕಜಾ ಹೆರಿಗೆಗೆಂದು ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಚೂಡಾಮಣಿ ಕಿಟಕಿಯ ಪಕ್ಕಕ್ಕೆ ಸರಿದು ನಿಂತಳು. ಸರಿದು ನಿಂತದ್ದನ್ನು ಅವನು ನೋಡಿದನೇ?

"ಈ ವಾರ ಯಾವ ಶಿಫ್ಟು ವೆಂಕಟಾಚಲ?"

"ಸೆಕೆಂಡ್ ಶಿಫ್ಟು ಸಾರ್. ಹೋದ ವಾರಾನೂ ಅದೇ. ಮನೇಲಿ ಪಂಕಜಾ ಇಲ್ವಲ್ಲ, ಬೆಳಿಗ್ಗೆ ಅಡಿಗೆ ಮಾಡ್ಕೊಂಡು ಹೋಗೋಕೆ ಅನುಕೂಲ ಅಂತ ಕೇಳಿ ಹಾಕಿಸ್ಕೊಂಡೆ."

"ಕೇಳಿ ಹಾಕಿಸ್ಕೊಂಡ್ರಾ. ಹಾಗಾದ್ರೆ ಬೆಳಿಗ್ಗೆ ಎಲ್ಲಾ ಮನೇಲೇ."

"ಮನೇಲೇ ಸಾರ್. ಇನ್ನೆಲ್ಲಿ ಹೋಗ್ಲಿ."

"ಲೇತ್ ಮೇಲೆ ಕೆಲಸ ಮಾಡೋರಿಗೆ ಮನೇಲಿ ಕೈ ಸುಮ್ನಿರಲ್ಲ ಅಂತಾರೆ."

ವೆಂಕಟಾಚಲ ನಕ್ಕ. "ಅಯ್ಯೋ, ನಾನು ಟೈಮ್ ಆಫೀಸು ಸಾರ್. ಯಾರು ಎಷ್ಟೊತ್ತಿಗೆ ಬಂದ್ರು, ಎಷ್ಟೊತ್ತಿಗೆ ಹೋದ್ರು, ಅಷ್ಟು ನೋಡೋದು. ಮಿಷನ್ ಹತ್ರ ಹೋದ್ರೆ ನಂಗೆ ತಲೆನೋವು ಬರತ್ತೆ."

"ಯಾರು ಬಂದ್ರು, ಯಾರು ಹೋದ್ರು. ಹಂಗಾದ್ರೆ ನಮ್ಮದೂ ನಿಮ್ಮದೂ ಒಂದೇ ಕೆಲಸ ಅನ್ನಿ." ಶೆಡ್ಡಿನ ಕಡೆ ತಿರುಗಿ, "ಬೆಳಿಗ್ಗೆ ಹೊತ್ತು ಶೆಡ್ಡಲ್ಲಿ ಸದ್ದೇನಾದ್ರೂ ಕೇಳಿಸತ್ತಾ ನಿಮಗೆ?"

"ಇಲ್ಲ ಸಾರ್. ನಂಗೇನೂ ಕೇಳಿಸಿಲ್ಲ."

ಎಷ್ಟು ಬೇಗ ಹೇಳಿಬಿಟ್ಟ. ಚೂಡಾಮಣಿಗೆ ಕೈಯಲ್ಲಿದ್ದ ಹುರುಳಿಕಾಯಿ ಮುರಿದದ್ದು ತಿಳಿಯಲಿಲ್ಲ. ಕೇಳಿಸಿದೆ ಎಂದಿದ್ದರೆ ಏನಾಗುತ್ತಿತ್ತು? ಆದರೆ ಹಾಗೆ ಹೇಳಬೇಡಿ ಎಂದು ಕೇಳಿಕೊಂಡವಳು ಅವಳೇ. ಒಂದು ದಿನ ಮೆಟ್ಟಿಲ ಕೆಳಗೆ ಎದುರಾದಾಗ ಅವನು, ಮಿಷನ್ನು ಓಡ್ತಿತ್ತು, ಇವತ್ತು ಕಿರುಚ್ಲೇ ಇಲ್ವಲ್ಲ ಮೇಡಂ, ಸಾರ್ ರಜಾನಾ, ಎಂದು ಸುಮ್ಮನೆ ಮಾತಿಗೆ ಕೇಳಿದ್ದ. ಹೂಂ ಎಂದು ಹೇಳಿ ಒಳಗೆ ಬಂದಿದ್ದರೆ ಮುಗಿಯುತ್ತಿತ್ತು. ಅವಳು ಅತ್ತಿತ್ತ ನೋಡಿ, ದನಿ ತಗ್ಗಿಸಿ, ದಯವಿಟ್ಟು ಅವರಿಗೆ ಹೇಳಬೇಡಿ, ಎಂದಿದ್ದಳು. ಆ ದನಿ ತನ್ನದೇ ಎಂದು ಅವಳಿಗೇ ನಂಬಿಕೆಯಾಗಿರಲಿಲ್ಲ. ಅವನು ಗಾಬರಿಯಾಗಿ, ಛೆ ಛೆ, ನಾನ್ಯಾಕೆ ಹೇಳ್ಲಿ, ಎಂದು ಮೆಟ್ಟಿಲು ಹತ್ತಿದ್ದ. ಅಂದಿನಿಂದ ಅವಳನ್ನು ಕಂಡರೆ ಬೇರೆ ಕಡೆ ನೋಡಿಕೊಂಡು ಹೋಗುತ್ತಿದ್ದ. ಹಾಗೆ ಬೇರೆ ಕಡೆ ನೋಡುವುದನ್ನು ಇನ್ನೊಬ್ಬರು ನೋಡಿದರೆ ಏನೆಂದುಕೊಳ್ಳುತ್ತಾರೆ ಎಂದು ಅವಳು ಆಗ ಯೋಚಿಸಿರಲಿಲ್ಲ. ಈಗ ಅನಂತರಾಮು ವೆಂಕಟಾಚಲನ ತಲೆಯತ್ತ ಬಗ್ಗಿದ. "ಏನೋ ಕಸ ಅಂಟಿದೆ," ಎಂದು ಕೂದಲಿನಿಂದ ಏನನ್ನೋ ತೆಗೆದ ಹಾಗೆ ಮಾಡಿ, ಆ ಬೆರಳನ್ನು ಮೂಗಿನ ಹತ್ತಿರ ತಂದುಕೊಂಡ.

"ಕೊಬ್ಬರಿ ಎಣ್ಣೆ ಹಚ್ತೀರಾ?"

"ಹೂಂ ಸಾರ್." ವೆಂಕಟಾಚಲನಿಗೆ ಏನೂ ಅರ್ಥವಾಗಲಿಲ್ಲ. "ಎಲ್ರೂ ಅದನ್ನೇ ಅಲ್ವಾ ಹಚ್ಚೋದು."

ಅವಳಿಗೆ ನಗು ಬರಬೇಕಾಗಿತ್ತು. ಇಡೀ ಬನಶಂಕರಿಯ ತಲೆಗಳೆಲ್ಲ ಅವಳ ಕಣ್ಣ ಮುಂದೆ ಬಂದವು, ಒಂದೊಂದಕ್ಕೂ ಬಗ್ಗಿ ಮೂಸುತ್ತಿರುವ ತನ್ನ ಗಂಡನೂ ಬಂದ. ನಗು ಬರಲಿಲ್ಲ. ಅವನು ಶೆಡ್ಡಿನಲ್ಲಿ ಆ ವಾಸನೆಯನ್ನು ಎಷ್ಟು ದಿನದಿಂದ ಹಿಡಿದಿಟ್ಟುಕೊಂಡಿದ್ದಾನೆ? ಅದೇ ಎಣ್ಣೆ ಹಚ್ಚಿದ ಜಡೆ ದಿನಾ ಅವನ ಪಕ್ಕದಲ್ಲೇ ಮಲಗುತ್ತದೆ, ಅದರ ವಾಸನೆ ಅವನ ಮೂಗಿಗೆ ಬಿದ್ದೇ ಇಲ್ಲ.

ಮಾರಮ್ಮ ಹಿತ್ತಲ ಕಡೆಯಿಂದ ಬಂದು ಪಾತ್ರೆಗಳನ್ನು ತೊಟ್ಟಿಗೆ ಹಾಕಿಕೊಂಡು ಕೂತಳು. ಇಟ್ಟಮಡುವಿನಿಂದ ನಡೆದು ಬಂದವಳು, ಮೊದಲು ಒಂದು ಲೋಟ ಕಾಫಿ ಬೇಕು. ಕಾಫಿ ಕುಡಿಯುತ್ತ, "ಅಮ್ಮಾವ್ರೇ, ನಿನ್ನೆ ಯಜಮಾನ್ರು ಗೇಟ್ ತಾವ ನಿಲ್ಸಿ ಕೇಳುದ್ರು," ಎಂದಳು.

"ಏನಂತೆ?"

"ಹನ್ನೊಂದು ಗಂಟೆ ಹೊತ್ನಾಗೆ ಮನೇಗೆ ಯಾರಾನಾ ಬತ್ತಾರಾ ಅಂತ. ಯಾರ್ ಬತ್ತಾರೆ ಸಾಮಿ, ನಿಮ್ಮನೇಗೆ ಮಕ್ಳಾ ಮರೀನಾ ಅಂದೆ. ಆಮ್ಯಾಕೆ, ಅಮ್ಮಾವ್ರು ಏನ್ ಮಾಡ್ತಿರ್ತಾರೆ ಅಂದ್ರು. ನಂಗೇನ್ ಗೊತ್ತು, ಒಂದೊಂದು ಕಿತ ಬಾಗ್ಲು ಬಡುದ್ರೂ ತೆಗೆಯಾಕೆ ತಡ ಮಾಡ್ತಾರೆ, ಬಂದ್ರೆ ಬೆವತಿರ್ತಾರೆ, ಕೈನಾಗೆ ಬಳೆ ಇರಾಕಿಲ್ಲ, ಮಲಗಿರ್ತಾರೇನೋ ಅಂದೆ." ಲೋಟ ಕೆಳಗಿಟ್ಟು ಅವಳ ಮುಖ ನೋಡಿದಳು. "ಯಾಕಮ್ಮ, ತಪ್ಪಾಯ್ತಾ? ಬಳೆ ತೆಗ್ದು ಮಲಗಾದು ಬ್ಯಾಡ ಅಂತ ಬೈದ್ರಾ?"

"ಇಲ್ಲ ಮಾರಮ್ಮ. ನೀನು ಪಾತ್ರೆ ತೊಳಿ."

ಮಾರಮ್ಮ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಚೂಡಾಮಣಿಗೆ ಭಯವಾದದ್ದು ಅದಕ್ಕೇ. ತಾನು ಎಚ್ಚರಿಕೆಯಿಂದ ಮಾಡಿದ್ದೆಲ್ಲ, ಅಗುಳಿ ಹಾಕಿದ್ದು, ಬಳೆ ತೆಗೆದಿಟ್ಟದ್ದು, ಸೆರಗು ಬಿಗಿದದ್ದು, ದನಿ ತಗ್ಗಿಸಿದ್ದು, ಎಲ್ಲವನ್ನೂ ಒಬ್ಬ ಲೆಕ್ಕ ತಪಾಸಿಗನ ಮುಂದೆ ಸಾಲಾಗಿ ಇಟ್ಟರೆ ಬೇರೊಬ್ಬ ಹೆಂಗಸಿನ ಕಥೆಯಾಗುತ್ತದೆ. ಆ ಹೆಂಗಸು ತನಗಿಂತ ಧೈರ್ಯವಂತೆ. ಆ ಹೆಂಗಸಿಗೆ ಹನ್ನೊಂದು ಗಂಟೆಗೆ ಬಾಗಿಲು ತಟ್ಟುವವನೊಬ್ಬನಿದ್ದಾನೆ. ಅವಳು ಕುಕ್ಕರಿನ ಮುಚ್ಚಳ ಹಾಕುತ್ತ ಆ ಹೆಂಗಸನ್ನು ಸ್ವಲ್ಪ ಹೊತ್ತು ನೋಡಿದಳು, ನೋಡಿದ್ದಕ್ಕೆ ನಾಚಿಕೆಯಾಯಿತು. ನಿಜ ಹೇಳಿಬಿಟ್ಟರೆ ಮುಗಿಯಿತು. ಆದರೆ ನಿಜ ಹೇಳುವುದೆಂದರೆ, ನಿಮಗೆ ಬಾರದ್ದು ನನಗೆ ಬರುತ್ತದೆ, ಬರುವುದನ್ನು ನಿಮ್ಮಿಂದ ಬಚ್ಚಿಟ್ಟೆ, ಬಚ್ಚಿಟ್ಟು ನಿಮ್ಮ ಮಿಷನ್ನನ್ನು ಮತ್ತೆ ಕೆಡಿಸಿಟ್ಟೆ, ಎಂದು ಹೇಳುವುದು. ಆ ಹೆಂಗಸಿನ ಕಥೆ, ಈ ನಿಜ, ಎರಡರಲ್ಲಿ ಯಾವುದನ್ನು ಅವನು ಕ್ಷಮಿಸಿಯಾನು ಎಂದು ಯೋಚಿಸಿದಳು, ಯಾವುದನ್ನೂ ಇಲ್ಲ ಎನ್ನಿಸಿತು.

ಊಟಕ್ಕೆ ಕೂತಾಗ ಅವನು ಜೇಬಿನಿಂದ ಬಿಲ್ಲೆಯನ್ನು ತೆಗೆದು ಉಪ್ಪಿನ ಬಟ್ಟಲಿನ ಪಕ್ಕದಲ್ಲಿಟ್ಟ. ಹುಳಿ ಕಲಸಿಕೊಂಡು ಎರಡು ತುತ್ತು ತಿಂದ.

"ಟ್ರೇ ಕೆಳಗೆ ಇತ್ತು."

ಅವಳು ಬಿಲ್ಲೆ ನೋಡಿದಳು. ಇಷ್ಟು ಬೆಳಕಿನಲ್ಲಿ ಅದನ್ನು ನೋಡಿರಲಿಲ್ಲ. ಮೇಲಿನ ಮುಖದಲ್ಲಿ ಗ್ರಾಮಫೋನ್ ಪ್ಲೇಟಿನ ಹಾಗೆ ಸಣ್ಣ ಸಣ್ಣ ಗೆರೆಗಳು ಒಂದರೊಳಗೊಂದು ಸುತ್ತಿ, ನಡುವೆ ಸಾಸಿವೆಯಷ್ಟು ಮೊಳಕೆ ಉಳಿದಿತ್ತು.

"ಈ ಮುಖ ನೋಡು," ಅವನು ಎಡಗೈಯಿಂದ ಅದನ್ನು ಅವಳ ಕಡೆ ತಿರುಗಿಸಿದ. "ಒಂದೇ ಉಸಿರಲ್ಲಿ ಕತ್ತರಿಸಿರೋದು. ಎಲ್ಲೂ ತಡೆದಿಲ್ಲ, ಎಲ್ಲೂ ಒತ್ತಿಲ್ಲ. ಇವನಿಗೆ ಹೆದರಿಕೆ ಅನ್ನೋದೇ ಇಲ್ಲ. ಕೈ ಅಂದ್ರೆ ಇದು."

ಅವಳ ಕಿವಿ ಬಿಸಿಯಾಯಿತು. ಕತ್ತಿನಿಂದ ಕೆನ್ನೆಗೆ ರಕ್ತ ಏರುತ್ತಿರುವುದು ಅವಳಿಗೇ ತಿಳಿಯಿತು. ಮದುವೆಯಾದ ಮೇಲೆ ಅವಳ ಯಾವ ಕೆಲಸವನ್ನೂ ಅವನು ಇಷ್ಟು ಹೊತ್ತು ನೋಡಿರಲಿಲ್ಲ, ಇಷ್ಟು ಸರಿಯಾಗಿ ಹೊಗಳಿರಲಿಲ್ಲ. ತಲೆ ತಗ್ಗಿಸಿದಳು, ತಡವಾಗಿತ್ತು. ಅವನು ತಿನ್ನುವುದನ್ನು ನಿಲ್ಲಿಸಿ ಅವಳ ಕೆಂಪಾದ ಮುಖವನ್ನೇ ನೋಡುತ್ತಿದ್ದ.

"ಹೂಂ," ಎಂದ, ಬೇಕಾದ ಚೀಟಿ ಸಿಕ್ಕಿದವನ ಹಾಗೆ.

"ನಾನೇ ಕತ್ತರಿಸಿದ್ದು ರೀ."

"ನೀನು."

"ಹೂಂ. ನೀವು ಆಫೀಸಿಗೆ ಹೋದ ಮೇಲೆ."

"ಚೂಡಾ," ಅವನ ದನಿ ಮೃದುವಾಗಿತ್ತು, "ದಿನಾ ಬೆಳಗಾದ್ರೆ ಜನ ಸುಳ್ಳು ಹೇಳೋದನ್ನ ಕೇಳೋ ಕೆಲಸ ನಂದು. ಹೇಳೋದಾದ್ರೆ ಸ್ವಲ್ಪ ಒಳ್ಳೇ ಸುಳ್ಳು ಹೇಳು."

"ಸುಳ್ಳಲ್ಲ."

"ಎರಡು ವರ್ಷದಿಂದ ನನ್ನ ಕೈಲಿ ಆಗಿಲ್ಲ ಇದು."

ಆ ವಾಕ್ಯವನ್ನು ಅವನು ಮೊದಲ ಸಲ ಹೇಳಿದ್ದು. ವೋಲ್ಟೇಜು ಅದರಲ್ಲಿರಲಿಲ್ಲ. ಅವಳಿಗೆ ಅವನ ಕೈ ಮುಟ್ಟಬೇಕೆನ್ನಿಸಿತು; ಎಂಜಲು ಕೈ, ಮುಟ್ಟಲಿಲ್ಲ. "ಬನ್ನಿ, ತೋರಿಸ್ತೀನಿ," ಎಂದಳು. ಮಜ್ಜಿಗೆ ಅನ್ನ ಉಳಿದಿತ್ತು, ಇಬ್ಬರೂ ಎದ್ದು ಕೈ ತೊಳೆದರು. ಅಂಗಳ ದಾಟುವಾಗ ಬಿಸಿಲಿಗೆ ಕಲ್ಲು ಕಾದಿತ್ತು. ಅವನು ಅವಳ ಹಿಂದೆ ಬರುತ್ತಿದ್ದ, ಯಾವಾಗಲೂ ಮುಂದೆ ನಡೆಯುವವನು. ಅಗುಳಿ ಎಲ್ಲಿ ಗಟ್ಟಿ, ಎಲ್ಲಿ ಎತ್ತಿ ಎಳೆಯಬೇಕು ಎಂದು ಗೊತ್ತಿದ್ದ ಅವಳ ಕೈ ಒಂದೇ ಎಳೆತಕ್ಕೆ ಅದನ್ನು ತೆಗೆಯಿತು. ಅದನ್ನೂ ಅವನು ನೋಡಿದ.

ಬಳೆ ತೆಗೆಯುವಾಗ ಅವಳಿಗೆ ಕೈ ಬರಲಿಲ್ಲ. ಅವನ ಮುಂದೆ ಒಂದೊಂದಾಗಿ ಬಳೆ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲೆ ಇಡುವುದು ಏನೋ ಬೇರೆಯದೇ ತಯಾರಿಯ ಹಾಗೆ ಕಂಡಿತು, ಅವನಿಗೂ ಹಾಗೇ ಕಂಡಿರಬೇಕು, ಮುಖ ಆಚೆ ತಿರುಗಿಸಿದ. ಸಲಾಕೆಯನ್ನು, ಅದನ್ನು ಕಚ್ಚಿಹಿಡಿದು ತಿರುಗಿಸುವ ಚಕ್ಕಿನ ಬಾಯಿಗೆ ಆದಷ್ಟು ಹತ್ತಿರ ಹಿಡಿಸಿ ಬಿಗಿದಳು. ಅಲಗಿನ ಸ್ಕ್ರೂ ಸಡಿಲಿಸಿ ಅದನ್ನು ಒಳಕ್ಕೆ ತಳ್ಳಿದಳು, ಅವನು ತಿಂಗಳಿಡೀ ಉಜ್ಜಿದ ಅಲಗು ಬೆರಳ ತುದಿಯಷ್ಟು ಮಾತ್ರ ಹೊರಗೆ ಉಳಿಯಿತು.

"ಅದನ್ನ ಯಾಕೆ ಒಳಗೆ ತಳ್ತಿದೀಯ?"

"ಹೊರಗೆ ಜಾಸ್ತಿ ಇದ್ರೆ ನಡುಗತ್ತೆ."

ಅವಳು ಮೀಟರ್ ಪೆಟ್ಟಿಗೆಯ ಹಿಂದೆ ಕೈ ಹಾಕಿ ತಗಡಿನ ಪಟ್ಟಿ ತೆಗೆದಾಗ, ತನ್ನ ಶೆಡ್ಡಿನಲ್ಲೇ ತನಗೆ ಗೊತ್ತಿಲ್ಲದ ಜಾಗವೊಂದಿದೆ ಎಂದು ಅವನ ಹುಬ್ಬು ಮೇಲೇರಿದ್ದು ಕಂಡಿತು. ಪಟ್ಟಿಯನ್ನು ಅಲಗಿನ ಕೆಳಗೆ ಸೇರಿಸಿದಳು, ಸ್ಕ್ರೂ ಬಿಗಿದಳು, ಬೆಲ್ಟು ಬದಲಾಯಿಸಿದಳು. ಒಂದೊಂದು ಕೆಲಸವೂ ಅವನ ಒಂದೊಂದು ಭಾನುವಾರದ ಮೇಲೆ ಗೀಟು ಎಳೆದ ಹಾಗಿತ್ತು. ಇಷ್ಟೇ ಸಾಕಲ್ಲವೇ, ಇಷ್ಟು ನೋಡಿದ ಮೇಲೂ ನಂಬುವುದಿಲ್ಲವೇ ಎಂದು ಒಮ್ಮೆ ನಿಂತಳು. ಅವನು ಗೋಡೆಗೆ ಒರಗಿ ಕಾಯುತ್ತಿದ್ದ. ಅಮ್ಮಾವ್ರೇ ಪಾತ್ರೆ ಒಳಗಿಟ್ಟೀನಿ, ಎಂದು ಮಾರಮ್ಮ ಹಿತ್ತಲಿನಿಂದ ಕೂಗಿ ಹೋದಳು.

ಮೋಟಾರು ಹಾಕಿದಳು. ಬ್ರಷ್ಷಿನಿಂದ ಎಣ್ಣೆ ತೊಟ್ಟಿಕ್ಕಿಸಿ ಕೈಚಕ್ರ ತಿರುಗಿಸತೊಡಗಿದಳು. ಮೊದಲ ಸುರುಳಿ ಬಂತು. ಆಗ ಅವಳಿಗೆ ಹೊಳೆಯಿತು, ಇದನ್ನು ಈಗ ಕೆಡಿಸಿಬಿಡಬಹುದು. ಒಂದು ಕ್ಷಣ ಕೈ ತಡೆದರೆ ಸಾಕು, ಲೇತು ಕಿರುಚುತ್ತದೆ, ಅಲಗು ಸಿಕ್ಕಿಕೊಳ್ಳುತ್ತದೆ, ಅವನು ಎರಡು ವರ್ಷ ಅನುಭವಿಸಿದ್ದು ಅವನೊಬ್ಬನದಾಗಿ ಉಳಿಯುವುದಿಲ್ಲ. ಆದರೆ ಕೆಟ್ಟರೆ ಆ ಬಿಲ್ಲೆ ಬೇರೊಬ್ಬನದಾಗುತ್ತದೆ, ತಾನು ಆ ಬೇರೊಬ್ಬನ ಹೆಂಗಸಾಗುತ್ತೇನೆ. ಚೆನ್ನಾಗಿ ಬಂದರೆ ತಾನು ತಪ್ಪಿಸಿಕೊಳ್ಳುತ್ತೇನೆ, ಇವನು ಸಿಕ್ಕಿಬೀಳುತ್ತಾನೆ. ಇಷ್ಟನ್ನು ಯೋಚಿಸುವಷ್ಟರಲ್ಲಿ ಕೈ ತಡೆದಿತ್ತು. ಗುಂಯ್ ಎಂದಿತು. ಗೋಡೆಯ ಹತ್ತಿರ ಅವನು ಮೈ ಬಿಗಿಹಿಡಿದದ್ದು ನೋಡದೆಯೇ ಗೊತ್ತಾಯಿತು, ಆ ಗುಂಯ್‌ಗೆ ಅವನ ಮೈ ಹಾಗೆಯೇ ಆಡುತ್ತದೆ. ಅಲಗು ಉಜ್ಜುತ್ತಿತ್ತು, ಉಕ್ಕಿನ ಬಣ್ಣ ಬದಲಾಗುತ್ತಿತ್ತು. ಇಷ್ಟು ದಿನ ಗೋಡೆಯಾಚೆಯಿಂದ ಕೇಳುತ್ತಿದ್ದ ಹೆದರಿಕೆ ಇದೇ, ಹೀಗೇ ಇರುತ್ತದೆ ಅದು, ಮಣಿಕಟ್ಟಿನಲ್ಲಿ ತಣ್ಣಗೆ. ಅವಳು ಹಲ್ಲು ಕಚ್ಚಿ ಕೈಚಕ್ರವನ್ನು ಮುಂದಕ್ಕೆ ತಿರುಗಿಸಿದಳು, ಒತ್ತಲಿಲ್ಲ, ನಿಲ್ಲಿಸಲೂ ಇಲ್ಲ. ಅಲಗು ಮತ್ತೆ ಕಚ್ಚಿತು. ಸದ್ದು ಇಳಿದು ಇಳಿದು, ಬಟ್ಟೆ ಹರಿದಷ್ಟು ಮೆತ್ತಗಾಯಿತು. ಸುರುಳಿ ಉದ್ದಕ್ಕೆ ಬಂತು. ಬಿಲ್ಲೆ ತಟ್ಟೆಗೆ ಬಿತ್ತು.

ಮೋಟಾರು ಆರಿಸಿದಳು. ಚಕ್ಕು ತಾನಾಗಿ ತಿರುಗಿ ತಿರುಗಿ ನಿಂತಿತು. ಅವಳಿಗೆ ಮುಗಿಯಿತು ಎನ್ನಿಸಿತು. ಅನಂತರಾಮು ಬಗ್ಗಿ ಬಿಲ್ಲೆಯನ್ನು ಎತ್ತಿಕೊಂಡ. ಅದು ಇನ್ನೂ ಸುಡುತ್ತಿರಬೇಕು. ಅವನು ಕೈ ಬದಲಾಯಿಸಲಿಲ್ಲ. ಬೆಳಕಿಗೆ ಹಿಡಿದು ಮುಖ ನೋಡಿದ, ಹೆಬ್ಬೆರಳಿನಿಂದ ಸವರಿದ. ಜೇಬಿನಿಂದ ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದ. ಎರಡೂ ಒಂದೇ ಕೈಯದೆಂದು ಅವನಿಗೆ ತಿಳಿಯಲು ಎಷ್ಟು ಹೊತ್ತು ಬೇಕು? ತಿಳಿಯಿತು. ಅವನ ಮುಖ ಸಡಿಲವಾದದ್ದನ್ನು ಅವಳು ಕಂಡಳು, ಈಗ ನಕ್ಕುಬಿಡುತ್ತಾನೆ ಎಂದುಕೊಂಡಳು.

"ಯಾರು ಹೇಳಿಕೊಟ್ರು?" ಎಂದ.

"ಯಾರೂ ಇಲ್ಲ."

"ಹಾಗಲ್ಲ ಚೂಡಾ. ನಾನು ಕೋಪ ಮಾಡ್ಕೊಳಲ್ಲ." ನಿಜವಾಗಿಯೂ ಕೋಪವಿರಲಿಲ್ಲ. ದನಿಯಲ್ಲಿದ್ದದ್ದು ಒಂದು ಬಗೆಯ ಬೇಡಿಕೆ. "ಟೂಲು ಒಳಗೆ ತಳ್ಳೋದು, ತಗಡು ಕೊಡೋದು, ಬೆಲ್ಟು. ಇದು ತಾನೇ ತಾನಾಗಿ ಹೊಳೆಯೋಂಥದ್ದಲ್ಲ. ಯಾರೋ ಪಕ್ಕದಲ್ಲಿ ನಿಂತು, ಕೈ ಹಿಡಿದು ಹೇಳಿಕೊಟ್ಟಿರಬೇಕು. ಯಾರು ಅಂತ ಹೇಳಿಬಿಡು."

ಅವಳಿಗೆ ಆಗ ಅರ್ಥವಾಯಿತು. ಬಿಲ್ಲೆಯನ್ನು ಅವನು ನಂಬಿದ್ದ, ಅವಳ ಕೈಯನ್ನೂ ನಂಬಿದ್ದ. ಒಬ್ಬ ಗಂಡಸು ಬಂದು ಕಲಿಸಿಹೋದ ಎಂದರೆ ಅವನು ತಡೆದುಕೊಳ್ಳಬಲ್ಲ. ಬೈಯಬಹುದು, ಮಹಡಿ ಮನೆ ಖಾಲಿ ಮಾಡಿಸಬಹುದು, ದಿನ ಕಳೆದ ಹಾಗೆ ಮರೆಯಲೂಬಹುದು. ಯಾರೂ ಬರಲಿಲ್ಲ, ಅಡಿಗೆಮನೆಯಲ್ಲಿ ನಿಂತು ನಿಮ್ಮ ಸದ್ದು ಕೇಳಿಕೊಂಡೇ ಕಲಿತೆ, ಎಂದರೆ ಅವನಿಗೆ ನಿಲ್ಲಲು ಜಾಗವಿರುವುದಿಲ್ಲ. ಅದಕ್ಕೇ ಅವನು ಒಂದು ಹೆಸರು ಕೇಳುತ್ತಿದ್ದಾನೆ. ಕೊಡು ಎಂದು ಕೇಳುತ್ತಿದ್ದಾನೆ.

"ಯಾರೂ ಇಲ್ಲ ರೀ," ಎಂದಳು ಮತ್ತೆ. ಎರಡನೇ ಸಲ ಹೇಳಿದಾಗ ಅದು ಮೊದಲಿಗಿಂತ ತೆಳುವಾಗಿ ಕೇಳಿಸಿತು.

ಅವನು ತಲೆಯಾಡಿಸಿದ. ಇವತ್ತಲ್ಲದಿದ್ದರೆ ನಾಳೆ ಹೇಳುವ ಗುಮಾಸ್ತರನ್ನು ಅವನು ಬಹಳ ನೋಡಿದ್ದ. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದುಕೊಂಡು, ಬಿಲ್ಲೆಗಳೆರಡನ್ನೂ ತೊಡೆಯ ಮೇಲಿಟ್ಟುಕೊಂಡು, ಅವಳೆದುರಿಗೆ ಕೂತ. ಹೊರಗೆ ಯಾರೋ ಸೈಕಲ್ಲಿನವನು ಬೆಲ್ ಮಾಡಿಕೊಂಡು ಕತ್ರಿಗುಪ್ಪೆ ಕಡೆ ಹೋದ. ಶೆಡ್ಡಿನ ಸೆಕೆಯಲ್ಲಿ ಇಬ್ಬರೂ ಬೆವರುತ್ತಿದ್ದರು. ಅವಳು ನಿಂತೇ ಇದ್ದಳು, ಬರಿಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು, ಏನೂ ಯೋಚಿಸದೆ ಇರಲು ನೋಡುತ್ತ. ಸ್ವಲ್ಪ ಹೊತ್ತಿನ ಮೇಲೆ, ಅವನು ಕಾಯುತ್ತಿದ್ದ ಹೆಸರನ್ನು ತನ್ನೊಳಗೆ ತಾನೂ ಹುಡುಕುತ್ತಿದ್ದೇನೆ ಎಂದು ಅವಳಿಗೆ ತಿಳಿಯಿತು.